ಉಮಾಪತಿ ಕೂರಿಸಿದ ಬಾಗಿಲು

ನಮ್ಮೂರಿನ ಬಸ್ ಸ್ಟ್ಯಾಂಡಿನ ಪಾಯಖಾನೆಯ ಬಾಗಿಲನ್ನು ರಿಪೇರಿ ಮಾಡಿದವನು ಬಲು ಕುತೂಹಲದ ಮನುಷ್ಯನಾಗಿದ್ದಿರಬೇಕು. ಒಳಗಿದ್ದವರು ಚಿಲಕ ಹಾಕಿಕೊಂಡಿದ್ದರೂ ಅದು ಆಗಾಗ ತಾನಾಗಿ ನಾಲ್ಕು ಬೆರಳಷ್ಟು ತೆರೆದು, ಯಾರಿದ್ದಾರೆಂದು ನೋಡಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಪರವೂರಿನ ಪ್ರಯಾಣಿಕರು ಕೂಗಾಡುತ್ತಾರೆ. ಊರಿನವರಾದ ನಾವು ಒಂದು ಕಾಲನ್ನು ಬಾಗಿಲಿಗೆ ಒತ್ತಿಕೊಂಡೇ ಕೂರುತ್ತೇವೆ. ಹೈಸ್ಕೂಲಿನ ಬೆಂಚುಗಳಿಗೆ ಮೊಳೆ ಹೊಡೆದವರು ಡ್ರಿಲ್ ಮಾಸ್ತರರು. ಅವುಗಳ ಮೇಲೆ ಬೆನ್ನು ಬಗ್ಗಿಸಿ ಕೂರಲು ಇವತ್ತಿನವರೆಗೆ ಯಾರಿಂದಲೂ ಆಗಿಲ್ಲ. ಹೀಗಾಗಿ ನಮ್ಮಲ್ಲಿ ಒಂದು ಮೊಳೆ ಹೊಡೆಸುವುದಕ್ಕೂ ಗಂಡು ಹುಡುಕುವಷ್ಟೇ ವಿಚಾರಣೆ ನಡೆಯುತ್ತದೆ. ಬಡಗಿಯ ಕೆಲಸ ಹೇಗೆ ಎಂದು ಯಾರೂ ಕೇಳುವುದಿಲ್ಲ. ಮನುಷ್ಯ ಹೇಗೆ, ಮನೆಯಲ್ಲಿ ಹೇಗಿರುತ್ತಾನೆ, ಹೊಟ್ಟೆಕಿಚ್ಚಿನವನಾ, ಇದನ್ನೇ ಕೇಳುವುದು. ಬಡಗಿಗಳೂ ಮರ್ಯಾದಸ್ಥರು. ಹೆಂಡತಿಯ ಜೊತೆ ಜಗಳವಾಡಿದ ದಿನ ಉಳಿ ಮುಟ್ಟುವುದಿಲ್ಲ. “ಇವತ್ತು ಮನಸ್ಸು ಸರಿಯಿಲ್ಲಮ್ಮ, ನಿಮ್ಮ ಮಂಚ ಹಾಳಾಗುತ್ತೆ,” ಎಂದು ಹೇಳಿ ಕಾಫಿಯನ್ನಷ್ಟೇ ಕುಡಿದು ಹೋಗುತ್ತಾರೆ. ಕೆಲಸ ಮುಗಿದು ಒಂದು ರಾತ್ರಿ ಕಳೆಯಬೇಕು. ಬೆಳಗಾಗುವ ಹೊತ್ತಿಗೆ ಮಾಡಿದವರ ಗುಣ ವಸ್ತುವಿಗೆ ಇಳಿದಿರುತ್ತದೆ.

ನಾವಿರುವುದು ಹಳೆಯ ಮನೆ. ಮಣ್ಣಿನ ಗೋಡೆ, ಮರದ ಜಂತಿ, ಕಾವಿ ನೆಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಉದುರುವ ವಯಸ್ಸು ಅದಕ್ಕೆ. ಇಂಥ ಮನೆಗೆ ತಕ್ಕವನೆಂದರೆ ಶಾಂತವೀರ ಮೇಸ್ತ್ರಿ. ಅವನು ಗಾರೆ ಮೆತ್ತಿದ ಗೋಡೆಗೆ ಒರಗಿ ಕೂತರೆ ಎಂಥವರಿಗೂ ಸಮಾಧಾನವಾಗುತ್ತದೆ. ಆದರೆ ಮಗು ಹುಟ್ಟಿದಾಗ ಹೇಳಿಟ್ಟರೆ ಅದರ ಮದುವೆಗೆ ಸುಣ್ಣ ಬಳಿಯಲು ಬಂದಾನು, ಅಷ್ಟು ಕೆಲಸ ಅವನಿಗೆ. ನನ್ನ ಗಂಡ ಷಡಕ್ಷರಿ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ, “ಅವನಿಗೆ ಯಾಕೆ ಕಾಯ್ಬೇಕು? ನಾನೇ ಮಾಡ್ತೀನಿ,” ಎಂದು ಹೊರಟರು. ಸುತ್ತಿಗೆ, ಸ್ಕ್ರೂಡ್ರೈವರ್, ಉಜ್ಜುಗೊರಡು, ಹಾರೆ, ಇನ್ನೂ ಏನೇನೋ ತಂದು ಜಗಲಿಯ ಮೇಲೆ ಹರಡಿಕೊಂಡರು. ಅವರಿಗೆ ಉತ್ಸಾಹ ಇಲ್ಲವೆಂದು ಯಾರೂ ಹೇಳುವಂತಿಲ್ಲ. ತೊಂದರೆ ಏನೆಂದರೆ, ಅವರು ಸರ್ವಿಸ್ ಪೂರ್ತಿ ಕಳೆದದ್ದು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಹಿಂದೆ. ಯಾವ ಬಸ್ಸಿನ ಬಗ್ಗೆ ಯಾರೇ ಕೇಳಲಿ, “ಬರುತ್ತೆ, ಬರುತ್ತೆ, ಇನ್ನೇನು ಬಂತು,” ಎನ್ನುವುದು ಅವರ ಉತ್ತರ. ಸುಳ್ಳು ಹೇಳಬೇಕೆಂದಲ್ಲ. ಅವರು ನಿಜವಾಗಿಯೂ ಹಾಗೇ ನಂಬಿದ್ದರು.

ಮೊದಲು ಬಚ್ಚಲ ನಲ್ಲಿಗೆ ಹೊಸ ವಾಷರ್ ಹಾಕಿದರು. ಮರುದಿನದಿಂದ ಆ ನಲ್ಲಿ ತಿರುಗಿಸಿದರೆ ಒಳಗೆಲ್ಲೋ ಗುಳುಗುಳು ಸದ್ದಾಗುತ್ತದೆ, ಒಂದು ಹನಿ ತುದಿಗೆ ಬಂದು ತೂಗಾಡುತ್ತದೆ, ಇನ್ನೇನು ಬಂತು ಅನ್ನಿಸುತ್ತದೆ. ಬರುವುದಿಲ್ಲ. ನಾವು ಬೇಸತ್ತು ಎದ್ದು ಹೋದ ಮೇಲೆ ಧಾರಾಕಾರವಾಗಿ ಸುರಿಯುತ್ತದೆ. ಆಮೇಲೆ ಹಜಾರದ ಸ್ವಿಚ್ಚು. ಸಂಜೆ ದೀಪ ಬೇಕಾದರೆ ಮಧ್ಯಾಹ್ನ ಊಟವಾದ ಕೂಡಲೇ ಒತ್ತಿಡುವುದನ್ನು ನಾವು ರೂಢಿ ಮಾಡಿಕೊಂಡೆವು. ಕೊನೆಗೆ ಬಾಗಿಲ ಬೆಲ್ಲು. ಬಂದವರು ಒತ್ತಿ, ಕಾದು, ಬಾಗಿಲು ತಟ್ಟಿ, ಒಳಗೆ ಬಂದು, ಕೂತು, ಕಾಫಿ ಕುಡಿದು, ಇನ್ನೇನು ಹೊರಡಬೇಕು ಎನ್ನುವಾಗ ಅದು ಟ್ರಿಣ್ ಎನ್ನುತ್ತದೆ.

ಬರೀ ಅವರನ್ನೇ ಆಡಿಕೊಂಡರೆ ತಪ್ಪಾಗುತ್ತದೆ. ಅಡಿಗೆಮನೆಯ ಕಿಟಕಿಗೆ ಚಿಲಕ ಕೂರಿಸಿದವಳು ನಾನು, ಗಿರಿಜಾಂಬ. ಆ ಕಿಟಕಿ ಅಡಿಗೆಯ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಸಾಕು, ಫಟ್ಟೆಂದು ಮುಚ್ಚಿಕೊಳ್ಳುತ್ತದೆ. ಗಾಳಿಯಿಂದ ಎಂದು ನಾನು ಹೇಳುತ್ತೇನೆ. “ಹೌದೌದು, ಗಾಳಿ,” ಎನ್ನುತ್ತಾರೆ ನಮ್ಮ ಯಜಮಾನರು. ಆಗ ಅದು ಇನ್ನೊಮ್ಮೆ ಫಟ್ಟೆನ್ನುತ್ತದೆ. ನಮ್ಮ ಮಗಳು ದಾಕ್ಷಾಯಿಣಿ ತನ್ನ ಕೋಣೆಯ ಗೋಡೆಗೆ ತಾನೇ ಒಂದು ಹಲಗೆ ಬಡಿದುಕೊಂಡಿದ್ದಾಳೆ. ಅದರ ಮೇಲೆ ಇಟ್ಟದ್ದನ್ನು ಅದಕ್ಕೆ ಮನಸ್ಸು ಬಂದಾಗ ಮಾತ್ರ ತೆಗೆಯಬಹುದು. ಹಟಮಾರಿ ಹಲಗೆ.

ದಾಕ್ಷಿ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಕಾರು ಕಲಿಯಲು ಹೋಗಿ ಕಾರು ಬಿಡುವುದನ್ನು ಕಲಿಯಲಿಲ್ಲ, ಕಲಿಸುವವನನ್ನು ಮೆಚ್ಚಿಕೊಂಡು ಬಂದಳು. ಹುಡುಗನ ಹೆಸರು ವಿರೂಪಾಕ್ಷ. ಅವಳು ಹಾಲಿನ ವ್ಯಾನಿಗೆ ಗುದ್ದಿದಾಗಲೂ, “ಪರವಾಗಿಲ್ಲ, ಮುಂದಿನ ಸಲ ಬ್ರೇಕ್ ನೋಡಿ,” ಎಂದನಂತೆ. ಇಂಥ ಹುಡುಗನನ್ನು ಬಿಡಬಾರದೆಂದು ನನಗೂ ಅನ್ನಿಸಿತು. ಆದರೆ ಹುಡುಗನ ತಾಯಿ ಗಂಗಾಂಬಮ್ಮ ಭಾನುವಾರ ಮನೆ ನೋಡಲು ಬರುತ್ತಾರೆಂದು ಕೇಳಿದಾಗ ನಾನು ಎದ್ದು ನಲ್ಲಿ, ಸ್ವಿಚ್ಚು, ಕಿಟಕಿಗಳನ್ನೆಲ್ಲ ಒಮ್ಮೆ ಸುತ್ತಿ ನೋಡಿಬಂದೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತಾ ಎಂದು ಕೇಳುವುದಿಲ್ಲ. ಎದ್ದು ಹೋಗಿ ಮನೆಯ ಬಾಗಿಲು ಕಿಟಕಿಗಳನ್ನು ತೆಗೆದು ಹಾಕಿ ನೋಡುತ್ತಾರೆ. ಅದರಲ್ಲೂ ಈ ಗಂಗಾಂಬಮ್ಮ ಬಲು ಬಿಗಿ. ಹಿಂದೊಮ್ಮೆ ಒಂದು ಸ್ಟೂಲಿನ ದೆಸೆಯಿಂದ ಸಂಬಂಧವನ್ನೇ ಬೇಡವೆಂದರಂತೆ. ಸ್ಟೂಲು ಕುಂಟುತ್ತದೆ ಎಂದಲ್ಲ, ಸ್ಟೂಲಿಗೆ ಜಂಬ ಎಂದು.

ಆ ವಾರವೇ ನಮ್ಮ ಯಜಮಾನರಿಗೆ ತಲೆಬಾಗಿಲು ನೆಲಕ್ಕೆ ಉಜ್ಜುತ್ತದೆ ಎಂಬುದು ಕಣ್ಣಿಗೆ ಬಿತ್ತು. ನಾವು ಈ ಮನೆಗೆ ಬಂದಾಗಿನಿಂದ ಅದು ಉಜ್ಜುತ್ತಲೇ ಇತ್ತು. ನಾನು ಒಲೆಯ ಮುಂದೆ ಇದ್ದೆ.

“ಗಿರಿಜಾ, ಸ್ವಲ್ಪ ಬಾ ಇಲ್ಲಿ,” ಎಂದು ಹೊರಗಿನಿಂದ ಕರೆದರು.

“ಸಾರು ಕುದೀತಿದೆ. ಏನು?”

“ಏನಿಲ್ಲ. ಬಾಗ್ಲು ನನ್ನ ಮೇಲಿದೆ.”

ಹೋಗಿ ನೋಡಿದರೆ, ತೇಗದ ಆ ಒಂಟಿ ಬಾಗಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೋಡೆಗೆ ಅಂಟಿ ನಿಂತಿದ್ದಾರೆ, ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ಅಪ್ಪಿಕೊಂಡ ಹಾಗೆ. ಅಡಿ ಕೆತ್ತೋಣವೆಂದು ಕೆಳಗಿನ ಕೀಲು ಬಿಚ್ಚಿದ್ದಾರೆ. ಮೇಲಿನ ಕೀಲು ಕೂತಿದ್ದ ಮರವನ್ನು ಗೆದ್ದಲು ಯಾವಾಗಲೋ ತಿಂದು ಮುಗಿಸಿತ್ತು. ನಾನು ಮತ್ತು ದಾಕ್ಷಿ ಸೇರಿ ಬಾಗಿಲನ್ನು ಇಳಿಸಿ ಗೋಡೆಗೆ ಒರಗಿಸಿದೆವು. ಮೂವರೂ ಜಗಲಿಯ ಮೇಲೆ ಕೂತು ಆ ಖಾಲಿ ಚೌಕಟ್ಟನ್ನು ನೋಡಿದೆವು.

“ನಾನೇ ಕೂರಿಸ್ತೀನಿ ಬಿಡು, ಏನ್ ಮಹಾ,” ಎಂದರು ಅವರು.

“ನೀವು ಕೂರಿಸಿದ್ರೆ ಬೀಗರು ಒಳಗೆ ಬರೋದು ಯಾವಾಗ? ಇವಳಿಗೆ ಮೊಮ್ಮಕ್ಕಳಾದ ಮೇಲೆ.”

“ಹಾಗಾದ್ರೆ ನೀನೇ ಕೂರ್ಸು. ಗಂಗಾಂಬಮ್ಮನ ಮೂಗು ಬಾಗ್ಲಿಗೆ ಸಿಗಲಿ.”

ಅಡಿಗೆಮನೆಯಿಂದ ಫಟ್ಟೆಂಬ ಸದ್ದು ಬಂತು. ಮಗಳು ನಗು ತಡೆದುಕೊಂಡು, “ಅಮ್ಮಾ, ಜಗಳ ಬಿಡಿ. ಬೇಕರಿ ಉಮಾಪತಿ ಮಾವನ್ನ ಕೇಳಬಾರ್ದಾ? ಅವರಷ್ಟು ಖುಷಿಯಾಗಿರೋರು ಈ ಊರಲ್ಲಿ ಯಾರಿದಾರೆ?” ಎಂದಳು.

ನನಗೆ ಇದು ಮೊದಲೇ ಹೊಳೆಯದಿದ್ದದ್ದಕ್ಕೆ ನಾಚಿಕೆಯಾಯಿತು. ಉಮಾಪತಿಯ ಬೇಕರಿಗೆ ಜನ ಬನ್ನಿಗಿಂತ ಹೆಚ್ಚಾಗಿ ಅವನ ನಗುವಿಗೆ ಹೋಗುತ್ತಿದ್ದರು. ಒಲೆ ಕೆಟ್ಟರೂ ನಗು, ಬ್ರೆಡ್ಡು ಸೀದರೂ ನಗು. ಹೆಂಡತಿ ಸರ್ವಮಂಗಳ ಅವನನ್ನು ಬಿಟ್ಟು ಪಕ್ಕದೂರಿನ ತಂಗಿಯ ಮನೆಗೆ ಹೋಗಿ ಕೂತಿದ್ದಳು. ಆಗಲೂ ಅವನು, “ಈಗ ಒಬ್ಬನೇ ಇಡೀ ಮಂಚದ ಮೇಲೆ ಹೊರಳಾಡ್ಬಹುದು ಕಣ್ರೀ,” ಎಂದು ನಕ್ಕಿದ್ದ. ನಾವೂ ನಕ್ಕಿದ್ದೆವು. ಅವನು ಕೈಯಾರೆ ಒಂದು ಮೊಳೆ ಹೊಡೆದದ್ದನ್ನು ಯಾರೂ ಕಂಡವರಿಲ್ಲ ಎಂಬುದು ಮಾತ್ರ ನಮಗೆ ಯಾರಿಗೂ ನೆನಪಿಗೆ ಬರಲಿಲ್ಲ.

“ನನ್ನ ಕೈಲಿ ರಿಪೇರೀನಾ ಅಕ್ಕಾ?” ಎಂದು ಅವನು ಗಾಬರಿಯಾಗಿ ನಕ್ಕ. “ಬೇರೆ ಯಾರಾದ್ರೂ ಸಿಗಲ್ವಾ?”

“ಮಗಳ ಮದುವೆ ವಿಷಯ ಉಮಾಪತಿ. ನೀವು ಬಂದು ಸುಮ್ನೆ ನಾಲ್ಕು ಸ್ಕ್ರೂ ತಿರುಗಿಸಿದ್ರೆ ಸಾಕು. ನಗ್ತಾ ತಿರುಗಿಸಿ.”

ಮದುವೆ ಎಂದ ಮೇಲೆ ಅವನು ಇಲ್ಲವೆನ್ನಲಿಲ್ಲ. ಶನಿವಾರ ಬಂದ. ನಮ್ಮ ಯಜಮಾನರು ಕೊಳೆತ ಮರವನ್ನು ಕೆತ್ತಿ ತೆಗೆದು ಹೊಸ ತುಂಡು ಅಳತೆ ಮಾಡಿ ಕೊಟ್ಟರು. ಅದನ್ನು ಕೂರಿಸಿ ಕೀಲು ಬಿಗಿದದ್ದೆಲ್ಲ ಉಮಾಪತಿಯೇ. ದಾಕ್ಷಿ ಬಾಗಿಲು ಹಿಡಿದುಕೊಂಡಿದ್ದಳು. ಸ್ಕ್ರೂ ಕೈ ಜಾರಿ ಬಿದ್ದರೆ ನಕ್ಕ, ಹೆಬ್ಬೆರಳಿಗೆ ಸುತ್ತಿಗೆ ತಗುಲಿದರೆ ನಕ್ಕ, ನಮ್ಮನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ಇಂಥ ಬಾಗಿಲು ಊರಲ್ಲೇ ಇರುವುದಿಲ್ಲ, ಗಂಗಾಂಬಮ್ಮ ಹೊಸ್ತಿಲು ದಾಟುವಾಗಲೇ ನಗುತ್ತಾ ದಾಟುತ್ತಾರೆ ಎಂದು ನಾನು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡೋಣವೆಂದು ಬಾಗಿಲು ಎಳೆದೆ. ಬಾಗಿಲು ಬಿಕ್ಕಿತು.

ಮೊದಲು ಹಿಂದೆ ಯಾರೋ ನಿಂತಿದ್ದಾರೆಂದುಕೊಂಡು ತಿರುಗಿ ನೋಡಿದೆ. ಯಾರೂ ಇಲ್ಲ. ಇನ್ನೊಂದಿಷ್ಟು ಎಳೆದೆ. ಮೂಗೆಳೆದುಕೊಂಡು, ಉಸಿರು ಕಟ್ಟಿ, ಹೂಂ ಹೂಂ ಎಂದು ಅತ್ತಿತು. ಮುಚ್ಚಿದರೆ ನಿಟ್ಟುಸಿರು. ಎದುರುಮನೆಯ ಹೊನ್ನಮ್ಮ ಬಿಚ್ಚಿದ ತಲೆಯಲ್ಲೇ ಓಡಿಬಂದು, “ಅಯ್ಯೋ, ಯಾರಿಗೇನಾಯ್ತು ಗಿರಿಜಾ? ನಿನ್ನೆ ಸಂಜೆ ಎಲ್ರೂ ಚೆನ್ನಾಗಿದ್ರಲ್ಲ!” ಎಂದರು. ಅವರನ್ನು ಸಮಾಧಾನ ಮಾಡಿ ಕಳಿಸುವುದರೊಳಗೆ ನಮ್ಮ ಯಜಮಾನರು ಎದ್ದುಬಂದು ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಅದುವರೆಗೆ ಬಿಕ್ಕುತ್ತಿದ್ದ ಬಾಗಿಲು ಎಣ್ಣೆ ಬಿದ್ದ ಮೇಲೆ ರಾಗವಾಗಿ ಅಳತೊಡಗಿತು.

ಅಷ್ಟರಲ್ಲಿ ಉಮಾಪತಿಯೇ ಬಂದ. ಬೀಗರ ಉಪಚಾರಕ್ಕೆಂದು ದೊಡ್ಡ ತಟ್ಟೆಯಲ್ಲಿ ಬಿಸಿ ಪಫ್, ದಿಲ್‌ಪಸಂದ್ ಹೊತ್ತು ತಂದಿದ್ದ. “ಹೆಂಗಿದೆ ಅಕ್ಕಾ ನಮ್ಮ ಬಾಗ್ಲು? ನಗ್ತಿದೆಯಾ?” ಎಂದು ಮೊಣಕೈಯಲ್ಲಿ ನೂಕಿದ. ಬಾಗಿಲು ಅವನ ಕಿವಿಯ ಹತ್ತಿರವೇ ಅತ್ತಿತು. ಅವನ ಮುಖದ ಮೇಲೆ ನಗು ಹಾಗೇ ಇತ್ತು. ಕೈಯಲ್ಲಿದ್ದ ತಟ್ಟೆ ಮಾತ್ರ ಓರೆಯಾಯಿತು. ದಾಕ್ಷಿ ತಟ್ಟೆ ಇಸಿದುಕೊಂಡಳು. ಅವನು ಜಗಲಿಯ ಮೇಲೆ ಕುಸಿದ.

“ನನ್ನ ಮುಖಾನೇ ಹಿಂಗೆ ಅಕ್ಕಾ,” ಎಂದ. “ಹುಟ್ಟಿದಾಗಲೂ ಅಳಲಿಲ್ವಂತೆ, ಸೂಲಗಿತ್ತಿ ಹೆದರ್ಕೊಂಡಿದ್ಲಂತೆ. ಒಳಗೆ ಏನೇ ಆಗ್ಲಿ, ಹೊರಗೆ ಬರೋದು ನಗೂನೇ. ನಮ್ಮತ್ತೆ ತೀರ್ಕೊಂಡಾಗ ಹೆಣದ ಮುಂದೆ ನಿಂತು ನಕ್ಕುಬಿಟ್ಟೆ. ನನ್ನನ್ನ ಸ್ವಂತ ಮಗನ ಥರ ನೋಡ್ಕೊಂಡಿದ್ರು ಅವರು. ಎಲ್ಲರೂ ನೋಡಿದ್ರು. ಮಂಗಳ ನೋಡಿದ್ಲು. ನಿಮಗೆ ಮನಸ್ಸು ಅನ್ನೋದಿದ್ರೆ ಒಂದು ಮೊಳೆನಾದ್ರೂ ಹೊಡೆದು ತೋರ್ಸಿ ಅಂದ್ಲು.”

“ಹೊಡೀಬೇಕಿತ್ತಪ್ಪ,” ಎಂದರು ನಮ್ಮ ಯಜಮಾನರು.

“ಹೆದರಿಕೆ ಆಯ್ತು ಷಡಕ್ಷರಣ್ಣ. ಆ ಮೊಳೇನೂ ನಕ್ಕುಬಿಟ್ರೆ?” ಎಂದು ಹೇಳಿ ಅವನು ಹಲ್ಲು ಬಿಟ್ಟು ನಕ್ಕ. ಅವನ ನಗು ಕಂಡು ನನಗೆ ಅಳು ಬಂದದ್ದು ಅದೇ ಮೊದಲು.

ನನಗೆ ಅಳು ಬಂದರೆ ಹಿಂದೆಯೇ ಸಿಟ್ಟೂ ಬರುತ್ತದೆ. ಎದ್ದು ಒಳಗೆ ಹೋಗಿ ಫೋನ್ ತೆಗೆದುಕೊಂಡೆ. ಸರ್ವಮಂಗಳೆಯ ನಂಬರು ನನ್ನಲ್ಲಿತ್ತು. ಅವಳು “ಹಲೋ” ಎಂದದ್ದೇ ತಡ, ಫೋನನ್ನು ಕೀಲಿಗೆ ಹಿಡಿದು ಬಾಗಿಲನ್ನು ಪೂರ್ತಿ ಎಳೆದೆ.

“ಕೇಳಿಸ್ತಾ?”

“ಯಾರೋ ಅಳ್ತಿದಾರೆ! ಏನಾಯ್ತು ಗಿರಿಜಕ್ಕ? ಯಾರು ಹೋದ್ರು?”

“ಯಾರೂ ಹೋಗಿಲ್ಲ. ಅದು ನಿಮ್ಮ ಯಜಮಾನ್ರು.”

“ಅಯ್ಯೋ ದೇವರೇ! ಅವರು ಹೋಗಿಬಿಟ್ರಾ?”

“ಅಲ್ಲ ಮಾರಾಯ್ತಿ, ಗುಂಡುಕಲ್ಲಿನ ಹಾಗೆ ನಮ್ಮ ಜಗಲಿ ಮೇಲೆ ಕೂತಿದಾರೆ. ಅಳ್ತಿರೋದು ನಮ್ಮ ಬಾಗ್ಲು. ಅದನ್ನ ಕೂರಿಸಿದ್ದು ಅವರು. ತಿಳೀತಾ?”

ಆ ಕಡೆ ಟಿವಿಯ ಸದ್ದು ನಿಂತಿತು. ಆಮೇಲೆ, “ಇನ್ನೊಂದ್ಸಲ ತೆಗೀರಿ,” ಎಂದಳು. ತೆಗೆದೆ. ಅತ್ತಿತು. ಫೋನು ಕಟ್ಟಾಯಿತು. ಅವಳು ಬರುತ್ತಾಳೋ, ಇಲ್ಲ ಫೋನನ್ನು ಎತ್ತಿ ಬಿಸಾಡಿದಳೋ ನನಗೆ ತಿಳಿಯಲಿಲ್ಲ. ಯೋಚಿಸಲು ಹೊತ್ತೂ ಇರಲಿಲ್ಲ. ಗಲ್ಲಿಯ ತಿರುವಿನಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಬಂದು ನಿಂತಿತ್ತು.

ಗಂಗಾಂಬಮ್ಮ ಕಟ್ಟುಮಸ್ತಾದ ಹೆಂಗಸು. ಕಚ್ಚೆ ಹಾಕಿದವರಂತೆ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಇಳಿದರು, ಕೆಲಸಕ್ಕೆ ಬಂದವರ ಹಾಗೆ. ಹಿಂದೆ ವಿರೂಪಾಕ್ಷ, ಕೈಯಲ್ಲಿ ಹೂವಿನ ಪೊಟ್ಟಣ. ಅವರು ಬೆಲ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಬಾಗಿಲನ್ನು ಓರೆ ಮಾಡಿಟ್ಟು ಅದರ ಹಿಂದೆ ಉಸಿರು ಹಿಡಿದು ನಿಂತಿದ್ದ ನಮ್ಮ ಯಜಮಾನರು, “ಬರುತ್ತೆ, ಇನ್ನೇನು ಬಂತು,” ಎಂದುಬಿಟ್ಟರು. ಗಂಗಾಂಬಮ್ಮ ಬಾಗಿಲು ನೂಕಿದರು. ಬಾಗಿಲು ಗೋಳೋ ಎಂದು ಅತ್ತಿತು.

ಅವರು ಹೊಸ್ತಿಲ ಮೇಲೇ ನಿಂತರು. ಒಮ್ಮೆ ಹಿಂದಕ್ಕೆ ಎಳೆದರು, ಒಮ್ಮೆ ಮುಂದಕ್ಕೆ ನೂಕಿದರು. “ಇದು ಯಾರು ಕೂರಿಸಿದ್ದು?”

“ಹಿಂದಿನ ಮಾಲೀಕರು ಇರಬೇಕು,” ಎಂದರು ನಮ್ಮ ಯಜಮಾನರು.

“ನಾನು,” ಎಂದ ಜಗಲಿಯ ಮೇಲಿದ್ದ ಉಮಾಪತಿ, ಬಾಯ್ತುಂಬ ನಗುತ್ತಾ.

ಗಂಗಾಂಬಮ್ಮ ಅವನನ್ನೂ ನೋಡಿದರು, ನಮ್ಮವರನ್ನೂ ನೋಡಿದರು, ಸೀದಾ ಒಳಗೆ ನಡೆದರು. ಸುಳ್ಳು ಸಿಕ್ಕಿಬಿದ್ದ ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಇಣುಕಿದರೆ, ನಲ್ಲಿಯ ತುದಿಯಲ್ಲಿ ತೂಗುವ ಹನಿಯನ್ನು ದಿಟ್ಟಿಸಿಕೊಂಡು ಬೊಗಸೆಯೊಡ್ಡಿ ಕೂತಿದ್ದರು. ನಾನು ಚೊಂಬಿನಲ್ಲಿ ನೀರು ಕೊಟ್ಟು ಕರೆದುಕೊಂಡು ಬಂದೆ. ನಾವು ಅಡಿಗೆಮನೆ ತಲುಪುವ ಹೊತ್ತಿಗೆ ಹಿಂದೆ ಬಚ್ಚಲಲ್ಲಿ ನೀರು ಭೋರೆಂದು ಸುರಿಯುವುದು ಕೇಳಿಸಿತು. ಮಗಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ಕಣ್ಣು ಆಗಲೇ ತುಂಬಿತ್ತು.

ಗಂಗಾಂಬಮ್ಮ ಒಲೆಯ ಮೇಲಿದ್ದ ಸಾರಿನ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. “ಉಪ್ಪು ಒಂಚೂರು ಮುಂದಾಯ್ತೇನೋ.”

ಫಟ್!

ಅವರು ಬೆಚ್ಚಿ ಹಿಂದೆ ಸರಿದರು. ಕಿಟಕಿಯನ್ನು ನೋಡಿದರು. ತೆರೆದರು. ಫಟ್. ಮತ್ತೆ ತೆರೆದು, ಅದಕ್ಕೇ ಬೆರಳು ತೋರಿಸಿ, “ಉಪ್ಪು ಜಾಸ್ತೀನೇ,” ಎಂದರು. ಫಟ್! ಅಷ್ಟು ಜೋರಾಗಿ ಅದು ಎಂದೂ ಬಡಿದುಕೊಂಡಿರಲಿಲ್ಲ. ಮೇಲಿನ ಜಂತಿಯಿಂದ ಮಣ್ಣು ಉದುರಿ ಅವರ ತಲೆಯ ಮೇಲೆ ಬಿತ್ತು.

“ಈ ಕಿಟಕಿ ಯಾರದ್ದು?”

ಗಾಳಿ ಎನ್ನಬಹುದಿತ್ತು. ಬಾಗಿಲ ಹತ್ತಿರ ಒಂದು ಸುಳ್ಳು ಸಾಕಾಗಿತ್ತು. “ನಂದು,” ಎಂದೆ. “ನಾನೇ ಕೂರಿಸಿದ್ದು. ಉಪ್ಪೂ ಸರಿಯಾಗೇ ಇದೆ.”

ಗಂಗಾಂಬಮ್ಮ ತಲೆಯ ಮಣ್ಣು ಕೊಡವಿಕೊಂಡರು. ಸುತ್ತಲೂ ನೋಡಿ, ಮಗ ಹತ್ತಿರದಲ್ಲಿಲ್ಲವೆಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿದರು. “ನಮ್ಮನೆ ಬೀರೂನ ಬಾಗ್ಲು ನಾನು ಸರಿಮಾಡಿದ್ದು. ನನ್ನನ್ನ ಬಿಟ್ಟು ಬೇರೆ ಯಾರು ಮುಟ್ಟಿದ್ರೂ ಬೆರಳು ಕಚ್ಚುತ್ತೆ. ನೆಂಟರು ಬಂದಾಗ ಅದರ ಮೇಲೆ ಚಾದರ ಹೊದಿಸಿ, ಮುಂದೆ ಕುರ್ಚಿ ಹಾಕಿ, ನಾನೇ ಕೂತ್ಕೊಂಡುಬಿಡ್ತೀನಿ.”

ನಾನು ನಗುತ್ತಾ ಸಾರಿಗೆ ತಟ್ಟೆ ಮುಚ್ಚುತ್ತಿರುವಾಗ ಬೆಲ್ಲು ಟ್ರಿಣ್ ಟ್ರಿಣ್ ಎಂದಿತು. “ಅದು ನೀವು ಬಂದಾಗ ಒತ್ತಿದ್ದು, ಈಗ ಬಂತು,” ಎಂದು ನಾನು ಅವರಿಗೆ ತಿಳಿಸುವಷ್ಟರಲ್ಲಿ ಬಾಗಿಲು ಬಿಕ್ಕಿದ್ದೂ ಕೇಳಿಸಿತು. ಬೆಲ್ಲು ತಡವಾಗಿ ಬರಬಹುದು, ಬಾಗಿಲು ಸುಮ್ಮಸುಮ್ಮನೆ ಅಳುವುದಿಲ್ಲವಲ್ಲ. ಇಬ್ಬರೂ ಹಜಾರಕ್ಕೆ ಬಂದೆವು.

ಹೊಸ್ತಿಲಲ್ಲಿ ಸರ್ವಮಂಗಳ ನಿಂತಿದ್ದಳು, ಬಸ್ಸಿಳಿದು ಓಡಿಬಂದ ಏದುಸಿರಿನಲ್ಲಿ. ಜಗಲಿಯ ಮೇಲಿದ್ದ ಗಂಡನ ಕಡೆ ತಿರುಗಿಯೂ ನೋಡಿರಲಿಲ್ಲ. ಎರಡೂ ಕೈಯಲ್ಲಿ ಬಾಗಿಲನ್ನು ಹಿಡಿದು ನಿಧಾನವಾಗಿ ತೆರೆದಳು, ನಿಧಾನವಾಗಿ ಮುಚ್ಚಿದಳು, ಮತ್ತೆ ತೆರೆದಳು. ಒಮ್ಮೆ ಕಿವಿಯನ್ನು ಹಲಗೆಗೆ ಹಚ್ಚಿದಳು. ವಿರೂಪಾಕ್ಷನ ಬಾಯಲ್ಲಿದ್ದ ಪಫ್ ಹಾಗೇ ಉಳಿದಿತ್ತು.

“ಇದು ಅಮ್ಮನಿಗೆ ಅಳ್ತಿರೋದಾ?” ಎಂದು ಅವಳು ಬಾಗಿಲನ್ನೇ ನೋಡುತ್ತಾ ಕೇಳಿದಳು.

“ಅತ್ತೆಗೂ ಹೌದು,” ಎಂದ ಉಮಾಪತಿ. “ನೀನು ಹೋದ ಮೇಲಿಂದೂ ಸೇರ್ಕೊಂಡಿರ್ಬೇಕು.” ಹೇಳುತ್ತಾ ಮುಖವೆಲ್ಲ ನಗುವಾಯಿತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳಲು ಹೋದ. ಸರ್ವಮಂಗಳ ಹೋಗಿ ಆ ಕೈಗಳನ್ನು ಕೆಳಗಿಳಿಸಿದಳು. “ನಕ್ಕೊಳ್ಳಿ, ಪರವಾಗಿಲ್ಲ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಗಿರಿಜಕ್ಕ, ಈ ಬಾಗ್ಲು ನಂಗೆ ಬೇಕು,” ಎಂದಳು.

“ತಲೆಬಾಗ್ಲು ಕಣೇ ಅದು!”

“ನಮ್ಮನೆ ಬಾಗ್ಲು ನಿಮಗೆ ಕೊಡ್ತೀನಿ. ಶಾಂತವೀರ ಮೇಸ್ತ್ರಿ ಕೂರಿಸಿದ್ದು. ಎಷ್ಟು ವರ್ಷ ಆಯ್ತು, ಒಂದು ದಿನ ಕಿರ್ ಅಂದಿಲ್ಲ. ಇವರ ನಗೂಗೆ ಏನರ್ಥ ಅಂತ ನಾನು ಕೇಳೋದು ಯಾರನ್ನ? ಇದನ್ನೇ ತಾನೇ?”

ಇಂಥ ಮಾತಿಗೆ ಇಲ್ಲವೆನ್ನುವುದು ಹೇಗೆ? ಬೀಗರೆದುರು ಹೌದೆನ್ನುವುದು ತಾನೇ ಹೇಗೆ? ನಾನು ತಡವರಿಸುತ್ತಿರುವಾಗ ಗಂಗಾಂಬಮ್ಮ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು, “ವಿರೂಪಾಕ್ಷಾ, ಪಫ್ ನುಂಗು. ಸ್ಕ್ರೂಡ್ರೈವರ್ ಎಲ್ಲಿದೆ ನೋಡು,” ಎಂದರು. ಅವರು ಸುಮ್ಮನೆ ನಿಂತು ನೋಡುವ ಜಾತಿಯವರಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಹುಡುಗ ಕೀಲಿನ ಮರವೂ ಬಾಗಿಲ ಜೊತೆಗೇ ಬರುವಂತೆ ಜೋಪಾನವಾಗಿ ಬಿಚ್ಚಿದ. ಬಿಚ್ಚಿದ್ದಕ್ಕೆ ಯಾರ ಗುಣವೂ ಅಂಟುವುದಿಲ್ಲ, ಆ ಭಯವಿರಲಿಲ್ಲ.

ಕಾರಿನ ಮೇಲೆ ಕಟ್ಟೋಣವೆಂದರೆ ಸರ್ವಮಂಗಳ ಒಪ್ಪಲಿಲ್ಲ, ಎಲ್ಲಾದರೂ ಬಿದ್ದರೆ ಗತಿಯೇನು ಎಂದಳು. ಹೀಗಾಗಿ ನಮ್ಮ ತಲೆಬಾಗಿಲು ಪೇಟೆಬೀದಿಯಲ್ಲಿ ಹೆಗಲ ಮೇಲೆ ಹೊರಟಿತು. ಮುಂದೆ ವಿರೂಪಾಕ್ಷ ಮತ್ತು ನಮ್ಮ ಯಜಮಾನರು, ಹಿಂದೆ ಉಮಾಪತಿ ಮತ್ತು ದಾಕ್ಷಿ, ಪಕ್ಕದಲ್ಲಿ ಹಲಗೆಯ ಮೇಲೆ ಕೈಯಿಟ್ಟುಕೊಂಡು ಸರ್ವಮಂಗಳ. ಗುಂಡಿ ಬಂದಲ್ಲೆಲ್ಲ ಕೀಲು ಅಲುಗಿ ಬಾಗಿಲು ಬಿಕ್ಕುತ್ತಿತ್ತು. ಅಂಗಡಿಯವರು ಎದ್ದು ನಿಂತರು. ಒಬ್ಬರು ಟೋಪಿ ತೆಗೆದರು. ಯಾರು ಹೋದರೆಂದು ಹೂವಿನವಳು ಕೇಳಿದಾಗ ಉಮಾಪತಿ, “ಯಾರೂ ಹೋಗಿಲ್ಲ, ಬಂದಿದಾಳೆ!” ಎಂದು ನಕ್ಕ. ಅವನು ನಕ್ಕಷ್ಟೂ ಹೆಗಲು ಕುಣಿದು ಬಾಗಿಲು ಜೋರಾಗಿ ಅತ್ತಿತು. ನಮ್ಮ ಮನೆಗೆ ಈಗ ಬಾಗಿಲೇ ಇಲ್ಲ ಎಂಬುದು ನೆನಪಾಗಿ ನಾನು ಹಿಂದಿರುಗಿ ನೋಡಿದೆ. ಹೊನ್ನಮ್ಮ ನಮ್ಮ ಹೊಸ್ತಿಲ ಮೇಲೆ ಕೋಲು ಹಿಡಿದು ಕೂತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಹಳೆಯ ಬಾಗಿಲನ್ನು ಬಿಚ್ಚಿ ಈ ಬಾಗಿಲನ್ನು ಉಮಾಪತಿಯ ಮನೆಯ ಚೌಕಟ್ಟಿಗೆ ಹಿಡಿದು ನೋಡಿದರೆ ಗೇಣು ಅಗಲ ಹೆಚ್ಚಾಗಿತ್ತು. ಅಡ್ಡ ಮಾಡಿ ಹಿಡಿದರು, ಓರೆ ಮಾಡಿ ಹಿಡಿದರು. ಏನೂ ಆಗಲಿಲ್ಲ. “ಸರಿ ಹೋಗುತ್ತೆ, ಇನ್ನೇನು ಹೋಯ್ತು,” ಎನ್ನುತ್ತಿದ್ದರು ನಮ್ಮ ಯಜಮಾನರು. ಬಾಗಿಲನ್ನೇ ಕೆತ್ತಿ ಸಣ್ಣದು ಮಾಡೋಣವೆಂದು ವಿರೂಪಾಕ್ಷ ಮೆಲ್ಲಗೆ ಹೇಳಿದ. ಸರ್ವಮಂಗಳೆಯ ಮುಖ ನೋಡಿ, “ಬೇಡ, ಬೇಡ,” ಎಂದು ಅವನೇ ಹಿಂದೆ ಸರಿದ.

“ಬಾಗ್ಲು ಯಾಕೆ ಕೆತ್ತಬೇಕು? ಗೋಡೆ ಒಡೀರಿ,” ಎಂದರು ಗಂಗಾಂಬಮ್ಮ.

“ಒಡೆಯೋರು ಯಾರು?” ಎಂದ ಉಮಾಪತಿ. “ಗಟ್ಟಿ ಗೋಡೆ ಅಮ್ಮಾ, ಅಷ್ಟು ಸುಲಭಕ್ಕೆ ಬೀಳಲ್ಲ. ಒಳ್ಳೆ ಸಿಟ್ಟಿರೋರು ಬೇಕು.”

ನನ್ನ ಗಂಡ ಆಕಾಶ ನೋಡಿದರು. ಮಗಳು ನೆಲ ನೋಡಿದಳು. ಗಂಗಾಂಬಮ್ಮ ಮಾತ್ರ ನೇರವಾಗಿ ಬಂದು, ತಾವು ಹೊತ್ತು ತಂದಿದ್ದ ನಮ್ಮ ಸಾಮಾನಿನ ಚೀಲದಿಂದ ದೊಡ್ಡ ಸುತ್ತಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ತಗೊಳ್ಳಿ ಬೀಗ್ತೀ, ಮೊದಲನೇ ಏಟು ನಿಮ್ದೇ,” ಎಂದರು. “ಆ ಸಾರಿಗೆ ಉಪ್ಪು ಜಾಸ್ತೀನೇ ಇತ್ತು.”

ಅವರು ನನ್ನನ್ನು ಬೀಗತಿ ಎಂದು ಕರೆದರು ಎಂಬುದು ನನಗೆ ಅರ್ಥವಾಗುವ ಹೊತ್ತಿಗೆ, ಸುತ್ತಿಗೆ ಬಿದ್ದು, ಧೂಳೆದ್ದು, ಆ ಗೋಡೆಯಲ್ಲಿ ಇಬ್ಬರು ಕೈ ಹಿಡಿದುಕೊಂಡು ನಡೆದು ಹೋಗುವಷ್ಟು ದಾರಿಯಾಗಿತ್ತು.